ಮಕ್ಕಳ ಕೈಗೆ ಹಣ ಕೊಡುವ ಮುನ್ನ

ಈದ್ ದಿನ ನಮ್ಮ ಮನೆಗಳಲ್ಲಿ ನಡೆಯುವ ಒಂದು ಸಣ್ಣ ವ್ಯವಹಾರವನ್ನು ನೀವು ಗಮನಿಸಿರಬಹುದು. ನಮಾಝ್ ಮುಗಿಸಿ ಬಂದ ಅಜ್ಜ, ಮಾವ, ದೊಡ್ಡಪ್ಪ ಎಲ್ಲರೂ ಮಕ್ಕಳ ಕೈಗೆ 50, 100, 200ರ ಹೊಸ ನೋಟು ಇಡುತ್ತಾರೆ. ಮಧ್ಯಾಹ್ನದ ಊಟದ ಹೊತ್ತಿಗೆ ಏಳು ವರ್ಷದ ಹುಡುಗನ ಜೇಬಿನಲ್ಲಿ ಏಳೆಂಟು ನೂರು ರೂಪಾಯಿ ಸೇರಿರುತ್ತದೆ. ಅವನು ಅದನ್ನು ಹತ್ತು ಸಲ ಎಣಿಸುತ್ತಾನೆ. ಸಂಜೆಯಾದಾಗ ತಾಯಿ, "ಇಲ್ಲಿ ಕೊಡು, ನೀನು ಕಳೆದು ಹಾಕುತ್ತಿ, ನಾನು ಇಟ್ಟಿರುತ್ತೇನೆ" ಎಂದು ತೆಗೆದುಕೊಳ್ಳುತ್ತಾಳೆ. ಆ ಹಣ ಮರಳಿ ಬಂದುದನ್ನು ಕಂಡ ಮಕ್ಕಳು ಬಹಳ ಕಡಿಮೆ.

ಮಗುವಿಗೆ ಕೊಟ್ಟ ಉಡುಗೊರೆ ಮಗುವಿನ ಸೊತ್ತು. ಹೆತ್ತವರು ಅದರ ಕಾವಲುಗಾರರು. ನಮ್ಮ ಕರ್ಮಶಾಸ್ತ್ರದ ಸಾಮಾನ್ಯ ತಿಳಿವಳಿಕೆಯೇ ಅದು. ನಾವು ಆ ಹಣವನ್ನು ಗ್ಯಾಸ್ ಸಿಲಿಂಡರಿಗೋ ನೆಂಟರ ಮನೆಯ ಪ್ರಯಾಣಕ್ಕೋ ಖರ್ಚು ಮಾಡಿದಾಗ ಮಗು ನಮ್ಮಿಂದ ಎರಡು ಪಾಠ ಕಲಿಯುತ್ತದೆ. ಕೈಗೆ ಬಂದ ಹಣವನ್ನು ಯಾರಾದರೂ ಕಸಿದುಕೊಳ್ಳುವ ಮೊದಲೇ ಮುಗಿಸಿಬಿಡಬೇಕು ಎಂಬುದು ಒಂದು. ಅಮಾನತ್ತು ಎಂದರೆ ಮರಳಿ ಬಾರದ ವಸ್ತು ಎಂಬುದು ಇನ್ನೊಂದು. ಆಮೇಲೆ ಅದೇ ಹುಡುಗ ದೊಡ್ಡವನಾಗಿ ಸಂಬಳವನ್ನು ಹತ್ತನೇ ತಾರೀಕಿನೊಳಗೆ ಮುಗಿಸಿ ಕುಳಿತಾಗ, ಇವನಿಗೆ ಹಣದ ಬೆಲೆ ಗೊತ್ತಿಲ್ಲ ಎಂದು ನಾವೇ ನೊಂದುಕೊಳ್ಳುತ್ತೇವೆ. ಗೊತ್ತಾಗುವುದಾದರೂ ಹೇಗೆ?

ಪವಿತ್ರ ಕುರ್‌ಆನ್ ಈ ವಿಷಯವನ್ನು ಅನಾಥರ ಸೊತ್ತಿನ ಸಂದರ್ಭದಲ್ಲಿ ಎತ್ತಿಕೊಳ್ಳುತ್ತದೆ. ಅನ್ನಿಸಾ ಅಧ್ಯಾಯದ 5 ಮತ್ತು 6ನೇ ಸೂಕ್ತಗಳನ್ನು ಒಮ್ಮೆ ನಿಧಾನವಾಗಿ ಓದಿರಿ. ವಿವೇಕ ಬಲಿಯದವರ ಕೈಗೆ ಸಂಪತ್ತನ್ನು ಒಪ್ಪಿಸಬೇಡಿ, ಆದರೆ ಅದರಿಂದ ಅವರಿಗೆ ಉಣಿಸಿರಿ, ಉಡಿಸಿರಿ, ಅವರೊಡನೆ ಒಳ್ಳೆಯ ಮಾತನ್ನಾಡಿರಿ ಎಂಬುದು ಮೊದಲ ಸೂಕ್ತದ ಆಶಯ. ಎರಡನೆಯದು ಇನ್ನೂ ಮುಂದಕ್ಕೆ ಹೋಗುತ್ತದೆ. ಅನಾಥ ಮಕ್ಕಳು ವಿವಾಹದ ಪ್ರಾಯಕ್ಕೆ ತಲುಪುವವರೆಗೆ ಅವರನ್ನು ಪರೀಕ್ಷಿಸುತ್ತಾ ಇರಬೇಕು. ಅವರಲ್ಲಿ 'ರುಶ್ದ್' ಕಂಡುಬಂದರೆ ಅವರ ಸೊತ್ತನ್ನು ಅವರಿಗೆ ಒಪ್ಪಿಸಬೇಕು. ಒಪ್ಪಿಸುವಾಗ ಸಾಕ್ಷಿಗಳನ್ನು ನಿಲ್ಲಿಸಬೇಕು.

ಇಲ್ಲಿ ಗಮನಿಸಬೇಕಾದ ಮಾತು ಈ 'ರುಶ್ದ್'. ಹಣವನ್ನು ಹಾಳುಮಾಡದೆ, ತಿಳಿದು, ಲೆಕ್ಕವಿಟ್ಟು ನಡೆಸುವ ವಿವೇಕ ಎಂದು ಅದನ್ನು ಹೇಳಬಹುದು. ಪ್ರಾಯ ತುಂಬಿದ ಮಾತ್ರಕ್ಕೆ ಅದು ಬರುವುದಿಲ್ಲ. ಹಾಗೆ ಬರುವುದಿದ್ದರೆ ಪ್ರಾಯದ ಷರತ್ತು ಒಂದೇ ಸಾಕಿತ್ತು. ಇನ್ನು ಪರೀಕ್ಷೆಯನ್ನು ಸೊತ್ತು ಒಪ್ಪಿಸಿದ ಬಳಿಕ ನಡೆಸಬೇಕೆಂದು ಹೇಳಿಲ್ಲ; ಮೊದಲೇ, ಪ್ರಾಯಕ್ಕೆ ಬರುವವರೆಗಿನ ವರ್ಷಗಳಲ್ಲಿ ನಡೆಸಬೇಕು. ಕೈಯಲ್ಲಿ ಏನೂ ಇಲ್ಲದ ಮಗುವನ್ನು ಹಣದ ವಿಷಯದಲ್ಲಿ ಪರೀಕ್ಷಿಸುವುದು ಸಾಧ್ಯವೇ? ಸ್ವಲ್ಪವಾದರೂ ಕೊಟ್ಟು ನೋಡಲೇಬೇಕು. ಅನಾಥರಿಗೆ ಹೇಳಿದ್ದು ನಮ್ಮ ಮಕ್ಕಳಿಗೆ ಏಕೆ ಎಂದು ಕೆಲವರು ಕೇಳಬಹುದು. ಅನಾಥ ಮಗುವಿಗಾಗಿ ಪೋಷಕನ ಮೇಲೆ ಹೊರಿಸಿದ ಹೊಣೆಯನ್ನು ಸ್ವಂತ ಮಗುವಿನ ತಂದೆ ಬಿಟ್ಟುಬಿಡಬಹುದೇ?

ಈ ಪರೀಕ್ಷೆ ಹೇಗೆ ಎಂಬುದನ್ನೂ ಹಿಂದಿನ ವಿದ್ವಾಂಸರು ಬಿಡಿಸಿ ಹೇಳಿದ್ದಾರೆ. 13ನೇ ಶತಮಾನದಲ್ಲಿ ಬಾಳಿದ ಇಮಾಮ್ ನವವಿಯವರ 'ಮಿನ್ಹಾಜ್' ಶಾಫಿಈ ಮದ್ಹಬಿನ ಪ್ರಸಿದ್ಧ ಗ್ರಂಥ. ವ್ಯಾಪಾರಿಯ ಮಗನನ್ನು ಕೊಡುಕೊಳ್ಳುವಿಕೆಯಲ್ಲೂ ಚೌಕಾಶಿಯಲ್ಲೂ, ರೈತನ ಮಗನನ್ನು ಬೇಸಾಯ ಮತ್ತು ಆಳುಗಳ ಖರ್ಚಿನ ವಿಷಯದಲ್ಲೂ, ಕುಶಲಕರ್ಮಿಯ ಮಗನನ್ನು ಅವನ ತಂದೆಯ ಕಸುಬಿನಲ್ಲೂ ಪರೀಕ್ಷಿಸಬೇಕೆಂದು ಅದರಲ್ಲಿದೆ. ಹೆಣ್ಣು ಮಗುವಿಗೆ ಹತ್ತಿ ಮತ್ತು ನೂಲಿನ ವ್ಯವಹಾರವನ್ನೂ, ಬೆಕ್ಕು ಬಾಯಿ ಹಾಕದಂತೆ ಆಹಾರವನ್ನು ಕಾಯುವುದನ್ನೂ ಹೇಳಲಾಗಿದೆ. (ಬೆಕ್ಕಿನ ಮಾತು ಕೇಳಿ ನಗು ಬಂದರೂ, ಫ್ರಿಜ್ಜಿನಲ್ಲಿ ಉಳಿದ ಅನ್ನ ಹಳಸಿ ಚೆಲ್ಲುವ ನಮ್ಮ ಮನೆಗಳಿಗೆ ಅದು ಇಂದಿಗೂ ಹಳೆಯದಾಗಿಲ್ಲ.) ಪರೀಕ್ಷೆ ಒಂದು ಸಲ ಸಾಲದು, ಎರಡೋ ಹೆಚ್ಚೋ ಸಲ ಆಗಬೇಕು ಎಂದೂ ಅದೇ ಗ್ರಂಥ ಹೇಳುತ್ತದೆ. ಒಮ್ಮೆ ಕೊಟ್ಟು, ಹಾಳು ಮಾಡಿದನೆಂದು ಮತ್ತೆ ಕೊಡದಿರುವವರು ಇದನ್ನು ನೆನಪಿಡಬೇಕು. ಹನಫಿ ವಿದ್ವಾಂಸರಂತೂ ತಿಳಿವಳಿಕೆ ಬಂದ ಮಗು ಪೋಷಕನ ಅನುಮತಿಯಿಂದ ವ್ಯಾಪಾರವನ್ನೇ ಮಾಡಬಹುದು ಎನ್ನುತ್ತಾರೆ.

ಪ್ರವಾದಿವರ್ಯರು(ಸ) ಬಾಲ್ಯದ ವ್ಯಾಪಾರವನ್ನು ಕಂಡ ರೀತಿಯೂ ನಮಗೆ ಮಾದರಿ. ಮುಅ್ತಾ ಯುದ್ಧದಲ್ಲಿ ಹುತಾತ್ಮರಾದ ಜಅ್‌ಫರ್(ರ)ರ ಮಗ ಅಬ್ದುಲ್ಲಾ(ರ) ಹುಡುಗನಾಗಿದ್ದಾಗ ಮಕ್ಕಳು ಮಾಡುವಂತೆ ಏನನ್ನೋ ಮಾರುತ್ತಾ ಕುಳಿತಿದ್ದರು. ಆ ದಾರಿಯಲ್ಲಿ ಬಂದ ಪ್ರವಾದಿವರ್ಯರು(ಸ) ಅವರ ವ್ಯಾಪಾರದಲ್ಲಿ ಬರ್ಕತ್ ಸಿಗಲೆಂದು ಪ್ರಾರ್ಥಿಸಿದರೆಂದು ವರದಿಯಿದೆ. ಆಟವನ್ನು ಗದರಿ ನಿಲ್ಲಿಸಲಿಲ್ಲ. ಇನ್ನು ಉರ್ವಾ ಅಲ್ ಬಾರಿಖೀ(ರ) ಎಂಬ ಸಹಾಬಿಗೆ ಒಂದು ದೀನಾರ್ ಕೊಟ್ಟು ಕುರಿಯೊಂದನ್ನು ತರಲು ಕಳುಹಿಸಿದ ಘಟನೆ ಬುಖಾರಿಯಲ್ಲಿದೆ. ಅವರು ಅದರಿಂದ ಎರಡು ಕುರಿ ಕೊಂಡು, ಒಂದನ್ನು ಒಂದು ದೀನಾರಿಗೆ ಮಾರಿ, ಕುರಿಯನ್ನೂ ದೀನಾರನ್ನೂ ತಂದೊಪ್ಪಿಸಿದರು. ನಂಬಿ ಹಣ ಕೊಟ್ಟಾಗ, ಪೂರ್ತಿ ಲೆಕ್ಕ ಮರಳಿ ಬಂತು.

ಓದುಗರೇ, ಇಷ್ಟೆಲ್ಲ ಬರೆಯುವ ನಾನು ಸ್ವಂತ ಮನೆಯಲ್ಲಿ ಇದನ್ನು ಪಾಲಿಸಲಿಲ್ಲ. ಅದನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ.

ನನ್ನ ತಂದೆಯವರದ್ದು ಒಂದು ಸಣ್ಣ ದಿನಸಿ ಅಂಗಡಿ. ನನಗೆ ಹತ್ತು ವರ್ಷವಾದಾಗ ಅವರು ಗಲ್ಲೆಯ ಪಕ್ಕದ ಮೂರು ಗಾಜಿನ ಭರಣಿಗಳನ್ನು ನನಗೆ ವಹಿಸಿಕೊಟ್ಟರು. ಒಂದರಲ್ಲಿ ಪೆನ್ಸಿಲ್, ಒಂದರಲ್ಲಿ ಕಡಲೆ ಮಿಠಾಯಿ, ಇನ್ನೊಂದರಲ್ಲಿ ಪೆಪ್ಪರಮಿಂಟ್. ಗುರುವಾರ ಇಶಾ ನಮಾಝಿನ ನಂತರ ಲೆಕ್ಕ ಒಪ್ಪಿಸಬೇಕು. ಲಾಭದಲ್ಲಿ ಅರ್ಧ ನನಗೆ. ಮೊದಲ ತಿಂಗಳಲ್ಲೇ ಗೆಳೆಯರಿಗೆ ಸಾಲ ಕೊಟ್ಟು ಕಡಲೆ ಮಿಠಾಯಿಯ ಭರಣಿಯನ್ನು ಬರಿದು ಮಾಡಿದೆ. ಬರೆದಿಟ್ಟಿರಲಿಲ್ಲ, ಯಾರು ಎಷ್ಟು ತಿಂದರೆಂದು ನನಗೇ ಗೊತ್ತಿರಲಿಲ್ಲ. ತಂದೆಯವರು ಬೈಯಲಿಲ್ಲ. ಆದರೆ ಭರಣಿಯನ್ನು ತುಂಬಿಸಲೂ ಇಲ್ಲ. ಉಳಿದ ಎರಡು ಭರಣಿಗಳ ಲಾಭದಿಂದ ಮೂರನೆಯದನ್ನು ತುಂಬಲು ನನಗೆ ಏಳು ವಾರ ಹಿಡಿಯಿತು. ಆ ಏಳು ವಾರ ಬರಿದಾದ ಭರಣಿ ಗಲ್ಲೆಯ ಪಕ್ಕದಲ್ಲೇ ಇತ್ತು.

ನನ್ನ ಮಗನಿಗೆ ನಾನು ಅಂಥ ಒಂದು ಭರಣಿಯನ್ನೂ ಕೊಡಲಿಲ್ಲ. ನಾನು ಪಟ್ಟ ಕಷ್ಟ ಅವನಿಗೆ ಬೇಡವೆಂದು ಕೇಳಿದ್ದನ್ನು ತಂದುಕೊಟ್ಟೆ. 2023ರಲ್ಲಿ, 19ನೇ ವಯಸ್ಸಿನಲ್ಲಿ ಅವನು ಹಾಸ್ಟೆಲಿನಲ್ಲಿದ್ದಾಗ, ಶುಲ್ಕಕ್ಕೆಂದು ಕಳುಹಿಸಿದ 38,000 ರೂಪಾಯಿ ಮೊಬೈಲಿನ ಹಣದಾಟದಲ್ಲಿ ಹೋಯಿತು. ಅದನ್ನು ತುಂಬಿಸಲು ಮೊಬೈಲಿನಲ್ಲೇ ಸಿಗುವ ಬಡ್ಡಿ ಸಾಲಕ್ಕೆ ಕೈ ಹಾಕಿದ. ಸಾಲದವರು ನನ್ನ ನಂಬರಿಗೆ ಕರೆ ಮಾಡಿ ಬೈದಾಗಲೇ ನನಗೆ ತಿಳಿದದ್ದು. ಜೂಜು, ಬಡ್ಡಿ ಎರಡೂ ಹರಾಮ್ ಎಂದು ಅವನು ಮದ್ರಸದಲ್ಲಿ ಕಲಿತಿದ್ದ, ಪರೀಕ್ಷೆಯಲ್ಲಿ ಬರೆದಿದ್ದ. ಆದರೆ ಹಣ ಕೈ ಜಾರಿದಾಗ ಎಲ್ಲಿ ನಿಲ್ಲಬೇಕು, ಯಾರ ಬಳಿ ಹೇಳಬೇಕು ಎಂಬುದನ್ನು ನಾನು ಕಲಿಸಿರಲಿಲ್ಲ. ಎಂಟು ತಿಂಗಳು ಅವನು ಒಬ್ಬನೇ ಅದನ್ನು ಹೊತ್ತುಕೊಂಡಿದ್ದ. ಹಣ ಹಾಕಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ಒಳ್ಳೆಯದೇ. ಆದರೆ ಕಾನೂನು ಒಂದು ಬಾಗಿಲು ಮುಚ್ಚಿದರೆ ಹಣ ಸೋರಲು ಇನ್ನೊಂದು ಬಾಗಿಲು ತೆರೆದಿರುತ್ತದೆ. ಹತ್ತನೇ ವಯಸ್ಸಿನಲ್ಲಿ ಒಂದು ಭರಣಿ ಮಿಠಾಯಿ ಕಳೆದುಕೊಳ್ಳುವುದು ಅಗ್ಗದ ಪಾಠ. ನಾನು ಅದನ್ನು ಉಳಿಸಲು ಹೋಗಿ ದುಬಾರಿ ಪಾಠ ಕೊಂಡೆ.

ಆರಂಭ ಎಲ್ಲಿಂದ? ಆರೇಳು ವರ್ಷದ ಮಗುವಿಗೆ ವಾರಕ್ಕೊಮ್ಮೆ, ಒಂದೇ ದಿನ, ಒಂದೇ ಮೊತ್ತ ಕೊಡಿ. 20 ರೂಪಾಯಿಯಾದರೂ ಸಾಕು. ಅತ್ತಾಗ ಹೆಚ್ಚು, ಕೋಪಗೊಂಡಾಗ ಕಡಿಮೆ ಮಾಡಬೇಡಿ. ನಡುವಾರದಲ್ಲಿ ಮುಗಿದರೆ ಮುಂದಿನ ವಾರದವರೆಗೆ ಕಾಯಲಿ. ಇದು ತಾಯಂದಿರಿಗೆ ಬಹಳ ಕಷ್ಟ, ಅಜ್ಜಿಯರಿಗೆ ಅದಕ್ಕಿಂತಲೂ ಕಷ್ಟ. ಮಣ್ಣಿನ ಹುಂಡಿ ಒಳ್ಳೆಯದೇ, ಆದರೆ ನನಗೆ ಅದರ ಮೇಲೆ ಅಷ್ಟು ಭರವಸೆಯಿಲ್ಲ. ಅದು ಕೂಡಿಡುವುದನ್ನು ಮಾತ್ರ ಕಲಿಸುತ್ತದೆ, ಒಡೆದ ದಿನ ಏನು ಮಾಡಬೇಕೆಂದು ಕಲಿಸುವುದಿಲ್ಲ. ಹೊರಗಿನಿಂದ ಕಾಣುವ ಬಾಟಲಿ ಲೇಸು. ಏರುವುದೂ ಇಳಿಯುವುದೂ ಮಗುವಿಗೆ ಕಾಣುತ್ತದೆ. ಏನನ್ನು ಕೊಳ್ಳಲು ಕೂಡಿಡುತ್ತಿದ್ದೇನೆ ಎಂಬುದನ್ನು ಮಗುವೇ ಹೇಳಲಿ. ಸೈಕಲ್ ಎಂದರೆ ಸೈಕಲ್. ನಮಗೆ ಬೇಡವೆನಿಸಿದರೂ ಹಲಾಲ್ ಆಗಿದ್ದರೆ ತಡೆಯಬಾರದು. ಸದಕಾವನ್ನೂ ಅದೇ ಬಾಟಲಿಯಿಂದ, ತನ್ನ ಕೈಯಿಂದಲೇ ಕೊಡಲಿ. ಶುಕ್ರವಾರ ಪೆಟ್ಟಿಗೆಗೆ ಹಾಕಲು ನಾವು ಕೊಟ್ಟ ನಾಣ್ಯ ಮಗುವಿನ ದಾನವಲ್ಲ, ನಮ್ಮದು.

ಅಂಗಡಿಗೆ ಕಳುಹಿಸಿರಿ. ಚೀಟಿ ಕೊಟ್ಟು, 200 ರೂಪಾಯಿಯ ನೋಟು ಕೊಟ್ಟು, ಉಳಿದ ಚಿಲ್ಲರೆಯನ್ನು ಲೆಕ್ಕದೊಂದಿಗೆ ಕೇಳಿರಿ. ಈಗ ನಾವು ಮೊಬೈಲ್ ತೋರಿಸಿ ಹಣ ಪಾವತಿಸುವುದನ್ನೇ ನೋಡುತ್ತಾ ಮಕ್ಕಳು ಬೆಳೆಯುತ್ತಿದ್ದಾರೆ. ಅವರ ಕಣ್ಣಿಗೆ ಹಣ ಹೋಗುವುದು ಕಾಣುವುದೇ ಇಲ್ಲ. 'ಟಿಣ್' ಎಂಬ ಸದ್ದು ಮಾತ್ರ ಕೇಳುತ್ತದೆ. ಆದುದರಿಂದ ಕೆಲವು ವರ್ಷಗಳ ಕಾಲ ಮಗುವಿನ ವ್ಯವಹಾರ ನೋಟಿನಲ್ಲೇ ನಡೆಯಲಿ. ಮೊಬೈಲ್ ಪಾವತಿ ಕೈಗೆ ಬಂದಾಗ ತಿಂಗಳ ಕೊನೆಯಲ್ಲಿ ಪಟ್ಟಿ ತೆರೆದು ಜೊತೆಯಾಗಿ ಓದಿರಿ.

ಬರೆಯುವ ಅಭ್ಯಾಸ ಎಲ್ಲಕ್ಕಿಂತ ಮುಖ್ಯವೆಂದು ನನಗನಿಸುತ್ತದೆ. ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತ ಯಾವುದರ ಬಗ್ಗೆ ಎಂದು ಮಕ್ಕಳನ್ನು ಕೇಳಿ ನೋಡಿರಿ. ಅದು ಅಲ್ ಬಕರದ 282ನೇ ಸೂಕ್ತ. ಅವಧಿ ಗೊತ್ತುಮಾಡಿ ಸಾಲ ಕೊಟ್ಟುಕೊಂಡಾಗ ಬರೆದಿಡಬೇಕು ಎಂಬುದೇ ಅದರ ವಿಷಯ. ಮೊತ್ತ ಚಿಕ್ಕದಾಗಲಿ ದೊಡ್ಡದಾಗಲಿ ಬರೆಯಲು ಬೇಸರಿಸಬಾರದೆಂದೂ ಅದರಲ್ಲಿದೆ. ಅಕ್ಕನಿಂದ ತಮ್ಮ 30 ರೂಪಾಯಿ ಕೈಸಾಲ ಪಡೆದರೆ ದಿನಾಂಕ ಸಹಿತ ಬರೆಯಲಿ. ಮನೆಯವರೊಳಗೆ ಇದೆಲ್ಲ ಏಕೆ ಎನ್ನುವವರು, ಅಣ್ಣತಮ್ಮಂದಿರು ಬರೆದಿಡದ ಸಾಲಕ್ಕಾಗಿ ಸಲಾಮ್ ಹೇಳುವುದನ್ನೂ ಬಿಟ್ಟ ಎಷ್ಟು ಮನೆಗಳನ್ನು ಕಂಡಿದ್ದಾರೆ ಎಂದು ಎಣಿಸಿಕೊಳ್ಳಲಿ.

ಹತ್ತು ವರ್ಷ ತುಂಬಿದ ಮಗು ತನ್ನ ಉಳಿತಾಯ ಖಾತೆಯನ್ನು ಸ್ವತಃ ನಡೆಸಬಹುದು. ರಿಸರ್ವ್ ಬ್ಯಾಂಕ್ 2014ರಲ್ಲಿ ಇದಕ್ಕೆ ಸೂಚನೆ ನೀಡಿ, 2025ರ ಏಪ್ರಿಲ್‌ನಲ್ಲಿ ಅದನ್ನು ಪರಿಷ್ಕರಿಸಿತು. ಎಷ್ಟು ಮೊತ್ತದವರೆಗೆ ಎಂಬುದನ್ನು ಆಯಾ ಬ್ಯಾಂಕ್ ನಿರ್ಧರಿಸುತ್ತದೆ. ಅಂತಹ ಖಾತೆಯಲ್ಲಿ ಇದ್ದುದಕ್ಕಿಂತ ಹೆಚ್ಚು ತೆಗೆಯುವಂತಿಲ್ಲ. ಎಂದರೆ ಅದರಿಂದ ಮಗು ಸಾಲಗಾರನಾಗುವುದಿಲ್ಲ. ಅಂಚೆ ಕಚೇರಿಯಲ್ಲೂ ಹತ್ತು ವರ್ಷ ಮೀರಿದವರಿಗೆ ಈ ಸೌಲಭ್ಯವಿದೆ. ಆದರೆ ಬಡ್ಡಿ? ಪಾಸ್‌ಬುಕ್ಕಿನಲ್ಲಿ ಬಡ್ಡಿ ಬಿದ್ದ ಸಾಲನ್ನು ಮಗುವೇ ಗುರುತಿಸಿ ಗೆರೆ ಎಳೆಯಲಿ. ಆ ಮೊತ್ತವನ್ನು ನಮ್ಮ ಲೆಕ್ಕಕ್ಕೆ ಸೇರಿಸದೆ, ಪ್ರತಿಫಲದ ಆಸೆಯಿಲ್ಲದೆ ಬಡವರಿಗೆ ದಾಟಿಸಬೇಕೆಂದು ಅನೇಕ ವಿದ್ವಾಂಸರು ಹೇಳಿದ್ದಾರೆ. ವರ್ಷಕ್ಕೆ ಹದಿನೆಂಟೋ ಇಪ್ಪತ್ತೋ ರೂಪಾಯಿ ಇರಬಹುದು. ಹಾಗೆ ಬೇರ್ಪಡಿಸಿದ ಮಗುವಿಗೆ ಬಡ್ಡಿಯ ಬಗ್ಗೆ ಪ್ರತ್ಯೇಕ ಉಪನ್ಯಾಸ ಬೇಕಾಗಲಾರದು.

ಝಕಾತ್ ಲೆಕ್ಕವನ್ನೂ ಮಕ್ಕಳ ಎದುರಿನಲ್ಲೇ ಮಾಡಿರಿ. ಮಗುವಿನ ಹೆಸರಿನಲ್ಲಿರುವ ಸಂಪತ್ತಿಗೆ ಝಕಾತ್ ಇದೆಯೇ ಎಂಬುದರಲ್ಲಿ ಮದ್ಹಬ್‌ಗಳಿಗೆ ಭಿನ್ನಾಭಿಪ್ರಾಯವಿದೆ. ಕರಾವಳಿಯ ಶಾಫಿಈಗಳ ಪ್ರಕಾರ ಪೋಷಕ ಅದರಿಂದ ಕೊಡಬೇಕು. ಹನಫಿಗಳ ಪ್ರಕಾರ ಪ್ರಾಯಕ್ಕೆ ಬರುವವರೆಗೆ ಹಣಕ್ಕೂ ಚಿನ್ನಕ್ಕೂ ಅದು ಕಡ್ಡಾಯವಲ್ಲ. ಆಯಿಶಾ(ರ) ತಮ್ಮ ಆಶ್ರಯದಲ್ಲಿದ್ದ ಅನಾಥ ಸೋದರ ಪುತ್ರರ ಸೊತ್ತಿನಿಂದ ಝಕಾತ್ ಕೊಡುತ್ತಿದ್ದರೆಂದು 'ಮುವತ್ತಾ'ದಲ್ಲಿದೆ. ಅನಾಥರ ಸೊತ್ತನ್ನು ವ್ಯಾಪಾರಕ್ಕೆ ಹಾಕಿರಿ, ಇಲ್ಲದಿದ್ದರೆ ಝಕಾತ್ ಅದನ್ನು ತಿಂದುಬಿಡುತ್ತದೆ ಎಂಬರ್ಥದ ಉಮರ್(ರ)ರ ಸಲಹೆಯೂ ಅಲ್ಲಿದೆ. ಇದೊಂದು ಒಳ್ಳೆಯ ಮನೆಲೆಕ್ಕ. 1 ಲಕ್ಷ ರೂಪಾಯಿಯನ್ನು ಕಪಾಟಿನಲ್ಲಿಟ್ಟು ವರ್ಷಕ್ಕೆ ಶೇಕಡಾ 2.5ರಂತೆ ಝಕಾತ್ ಕೊಡುತ್ತಾ ಹೋದರೆ ಹತ್ತು ವರ್ಷದ ಬಳಿಕ ಎಷ್ಟು ಉಳಿಯುತ್ತದೆ? ಸುಮಾರು 77,600. ಹೈಸ್ಕೂಲಿನ ಹುಡುಗಿಗೆ ಈ ಲೆಕ್ಕ ಮಾಡಲು ಹೇಳಿರಿ. ಹಣ ದುಡಿಯಬೇಕು, ಸುಮ್ಮನೆ ಕುಳಿತಿರಬಾರದು ಎಂಬುದು ಅವಳಿಗೆ ತಾನಾಗಿ ಹೊಳೆಯುತ್ತದೆ.

ಹುಡುಗಿ ಎಂದು ಬೇಕೆಂದೇ ಬರೆದೆ. ಮಹ್ರ್ ಅವಳದ್ದು, ಗಳಿಸಿದ್ದು ಅವಳದ್ದು, ಉತ್ತರಾಧಿಕಾರದ ಪಾಲು ಅವಳದ್ದು ಎಂದು ಭಾಷಣಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ; ಆದರೆ ಅದನ್ನು ನಡೆಸುವ ವಿದ್ಯೆಯನ್ನು ಕೊಡುವುದಿಲ್ಲ. ಗಲ್ಫಿನಲ್ಲಿ ದುಡಿದ ಗಂಡ ತೀರಿಕೊಂಡಾಗ ಅವನ ಖಾತೆ ಯಾವ ಬ್ಯಾಂಕಿನಲ್ಲಿದೆ ಎಂದು ತಿಳಿಯದ ಹೆಣ್ಣುಮಕ್ಕಳು ನಮ್ಮ ಊರುಗಳಲ್ಲೇ ಇದ್ದಾರೆ. ಯಾರೂ ಕೇಳದೆ ಉಳಿದ ಠೇವಣಿಗಳನ್ನು ಹುಡುಕಲು ರಿಸರ್ವ್ ಬ್ಯಾಂಕ್ 2023ರಲ್ಲಿ 'ಉದ್ಗಮ್' ಎಂಬ ಜಾಲತಾಣವನ್ನೇ ತೆರೆಯಬೇಕಾಯಿತು.

ಇನ್ನು ಹಣ ದುಡಿಯಬೇಕು ಎಂದ ಕೂಡಲೇ ಎಚ್ಚರಿಕೆಯ ಮಾತೂ ಬೇಕು. 2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಸಂಸ್ಥೆ ಬಾಗಿಲು ಮುಚ್ಚಿದಾಗ ಬೀದಿಗೆ ಬಂದ ಸಾವಿರಾರು ಕುಟುಂಬಗಳಲ್ಲಿ ಹೆಚ್ಚಿನವರು ಮುಸ್ಲಿಮರು. ಬಡ್ಡಿ ಬೇಡವೆಂದು, ಹಲಾಲ್ ಲಾಭವೆಂದು ನಂಬಿ ಮಗಳ ಮದುವೆಯ ಹಣ, ನಿವೃತ್ತಿಯ ಹಣ, ಚಿನ್ನ ಮಾರಿದ ಹಣವನ್ನು ಹಾಕಿದವರು. ಅವರ ದೀನಿನ ಕಾಳಜಿಯನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಆದರೆ ಒಂದು ಪ್ರಶ್ನೆ ಕೇಳಬೇಕಿತ್ತು: ಈ ಲಾಭ ಯಾವ ವ್ಯಾಪಾರದಿಂದ ಬರುತ್ತಿದೆ? ಪಾಲುದಾರಿಕೆಯಲ್ಲಿ ಹಣ ಹಾಕಿದವನಿಗೆ ಲಾಭದ ಪಾಲಿರುತ್ತದೆ, ನಷ್ಟವಾದರೆ ನಷ್ಟವೂ ಇರುತ್ತದೆ. ತಿಂಗಳು ತಪ್ಪದೆ ಹಣ ಬರುತ್ತದೆ, ನಷ್ಟವೆಂಬುದೇ ಇಲ್ಲ ಎಂದು ಯಾರಾದರೂ ಹೇಳಿದರೆ ಅದು ಪಾಲುದಾರಿಕೆಯಲ್ಲ, ಹೆಸರು ಏನೇ ಇರಲಿ. ಗಡ್ಡ, ಟೊಪ್ಪಿ, ಅರಬಿ ಪದ ಯಾವುದೂ ಲೆಕ್ಕಪತ್ರದ ಬದಲಿಗೆ ಆಗುವುದಿಲ್ಲ. ಹದಿನೈದು ಹದಿನಾರರ ಮಕ್ಕಳನ್ನು ಕೂರಿಸಿಕೊಂಡು ಈ ಘಟನೆಯನ್ನು ಹೇಳಿರಿ. ಮನೆಗೆ ಯಾರಾದರೂ ಇಂತಹ ಯೋಜನೆ ಹಿಡಿದು ಬಂದರೆ ಪ್ರಶ್ನೆ ಕೇಳುವ ಕೆಲಸವನ್ನು ಮಕ್ಕಳಿಗೇ ಬಿಡಿರಿ. ಅವರು ನಮ್ಮಂತೆ ಸಂಕೋಚ ಪಡುವುದಿಲ್ಲ.

ನನ್ನ ಮಗನ ಸಾಲವನ್ನು ನಾನೇ ತೀರಿಸಿದೆ. ಆದರೆ ಉಚಿತವಾಗಿ ಅಲ್ಲ. ಬಡ್ಡಿಯಿಲ್ಲದ ಸಾಲವೆಂದು ಕಾಗದದಲ್ಲಿ ಬರೆದು, ಅವನ ತಾಯಿಯನ್ನೂ ನನ್ನ ತಮ್ಮನನ್ನೂ ಸಾಕ್ಷಿ ಮಾಡಿ, ಇಬ್ಬರೂ ಸಹಿ ಹಾಕಿದೆವು. ಅವನಿಗೆ ಕೆಲಸ ಸಿಕ್ಕ ಬಳಿಕ ತಿಂಗಳಿಗೆ 2,000ದಂತೆ ಮರಳಿಸುತ್ತಿದ್ದಾನೆ. ಕಂತಿನ ಜೊತೆ ತನ್ನ ಖರ್ಚಿನ ಪುಟದ ಫೋಟೋವನ್ನೂ ಕಳುಹಿಸುತ್ತಾನೆ. ಇದು ನಾನು ಕೇಳಿದ್ದಲ್ಲ. ಕಳೆದ ತಿಂಗಳ ಪುಟದಲ್ಲಿ 1,150 ರೂಪಾಯಿಯ ಮುಂದೆ ವಿವರವಿಲ್ಲ, ಒಂದು ಪ್ರಶ್ನಾರ್ಥಕ ಚಿಹ್ನೆ ಮಾತ್ರ ಇದೆ. ಎಲ್ಲಿ ಹೋಯಿತೆಂದು ಅವನು ಇನ್ನೂ ಹುಡುಕುತ್ತಿದ್ದಾನೆ. ನಾನು ಕೇಳಲಿಲ್ಲ.